ಅವ್ವನಿಗೆ ಶುಗರ್ ಬಾರ್ಡರ್‌ನಲ್ಲಿದೆ, ಮನೆಯಲ್ಲೇ ಬೆಳೆದ ಆಲೂಗಡ್ಡೆ ದಿನಾ ತಿನ್ನಬಹುದಾ?

ಶಾಂತಿಗ್ರಾಮದ ಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ತಾಲ್ಲೂಕು, ಶಾಂತಿಗ್ರಾಮ ಹೋಬಳಿ. ಪ್ರತಿ ಮುಂಗಾರಿಗೂ ಆಲೂಗಡ್ಡೆ ಹಾಕುತ್ತೇವೆ. ಈ ಸಲದ ಬೆಳೆ ಕಿತ್ತಾಯಿತು. ದಪ್ಪ ಗಡ್ಡೆಯೆಲ್ಲ ಎಪಿಎಂಸಿಗೆ ಹೋಯಿತು. ಸಣ್ಣ ಗಡ್ಡೆಗೆ ರೇಟು ಕೇಳುವವರಿಲ್ಲ, ಅದು ಮನೆಯಲ್ಲೇ ಉಳಿದಿದೆ. ಹಾಗಾಗಿ ಹುಳಿಗೂ ಅದೇ, ಪಲ್ಯಕ್ಕೂ ಅದೇ, ಅವರೆಕಾಳು ಸಾರಿಗೂ ಅದೇ.

ಹೋದ ತಿಂಗಳು ಅವ್ವನಿಗೆ ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ತಿಂಗಳ ಸರಾಸರಿ ಅಂತ ನೋಡುತ್ತಾರಲ್ಲ, ಆ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು ಮಾತ್ರೆ ಈಗಲೇ ಬೇಡ, ಊಟ ನೋಡಿಕೊಳ್ಳಿ, ದಿನಾ ನಡೆಯಿರಿ ಅಂದರು. ಊಟ ನೋಡಿಕೊಳ್ಳುವುದು ಹೇಗೆ ಅಂತ ಅಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಅಕ್ಕಪಕ್ಕದವರು ಮಾತ್ರ ಎಲ್ಲರೂ ಒಂದೇ ಮಾತು ಹೇಳಿದರು: ಮೊದಲು ಆಲೂಗಡ್ಡೆ ಬಿಡಿಸು.

ಅವ್ವ ಬಿಟ್ಟಳು. ಮೊದಲು ಒಂದು ಮುದ್ದೆ, ಆಮೇಲೆ ಒಂದು ಸೌಟು ಅನ್ನ, ಆಲೂಗಡ್ಡೆ ಹಾಕಿದ ಹುಳಿ, ಅಷ್ಟು ಅವಳ ಊಟ. ಈಗ ಹುಳಿಯಲ್ಲಿ ಗಡ್ಡೆ ಪಕ್ಕಕ್ಕೆ ಎತ್ತಿಡುತ್ತಾಳೆ. ಹೊಟ್ಟೆ ತುಂಬಲ್ಲ ಅಂತ ಇನ್ನೊಂದೆರಡು ಸೌಟು ಅನ್ನ ಬಡಿಸಿಕೊಳ್ಳುತ್ತಾಳೆ. ಇದು ಸರಿನಾ ಅಂತ ನನಗೆ ಅನುಮಾನ.

ಆಲೂಗಡ್ಡೆಯಲ್ಲಿ ನಿಜವಾಗಿ ಏನಾದರೂ ಸತ್ವ ಇದೆಯಾ, ಇಲ್ಲಾ ಬರೀ ಹಿಟ್ಟಾ? ಸಿಪ್ಪೆ ತಿನ್ನಬೇಕಾ? ದಿನಾ ತಿಂದರೆ ಎಷ್ಟು ತಿನ್ನಬಹುದು? ಮೊನ್ನೆ ಅವ್ವ ಕೇಳಿದಳು, "ಇಷ್ಟು ವರ್ಷ ಬೆಳೆದು ತಿಂದಿದ್ದು ನಮಗೇ ವಿಷ ಆಯ್ತೇನೋ ಮಗ?" ಅಂತ. ಏನು ಹೇಳಬೇಕೋ ಗೊತ್ತಾಗಲಿಲ್ಲ. ತಿಳಿದವರು ಹೇಳಿ.

ಬೇಲೂರು ರಸ್ತೆ:

ಬಿಡಿಸಿ ಸಾರ್. ನಮ್ಮ ಮಾವನಿಗೆ ಶುಗರ್ ಬಂದ ಮೇಲೆ ನಾವು ಮನೆಗೇ ತರುವುದಿಲ್ಲ. ನೆಲದೊಳಗೆ ಬೆಳೆಯುವುದು ಯಾವುದೂ ಬೇಡ ಅಂತ ನಮಗೆ ಹೇಳಿದ್ದರು. ಬಾಯಿ ರುಚಿಗಿಂತ ಆರೋಗ್ಯ ಮುಖ್ಯ ಅಲ್ವಾ. ಅವ್ವನವರಿಗೆ ಬೇಗ ಹತೋಟಿಗೆ ಬರಲಿ.

ದುದ್ದದ ಮಗಳು:

ತಮ್ಮ, ನಿಮ್ಮ ಅವ್ವನ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನನ್ನ ತವರು ದುದ್ದ ಹೋಬಳಿ, ಆಲೂಗಡ್ಡೆ ಹೊಲದಲ್ಲೇ ಆಡಿ ಬೆಳೆದವಳು. ಈಗ ಹಾಸನದಲ್ಲಿ ಡಯಟೀಷಿಯನ್ ಕೆಲಸ ಮಾಡುತ್ತೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು, ಮದುವೆ ಖರ್ಚು ಎಲ್ಲ ಈ ಗಡ್ಡೆಯಿಂದಲೇ ಹುಟ್ಟಿದೆ. ಅದನ್ನು ಬೆಳೆದ ಹೆಂಗಸೇ ವಿಷ ಅನ್ನುವ ಹಾಗೆ ಆಗಬಾರದು. ಹಾಗಂತ ಅಭಿಮಾನಕ್ಕೆ ಏನೋ ಒಂದು ಹೇಳಿಬಿಡುವುದೂ ತಪ್ಪು. ಲೆಕ್ಕ ಹಾಕಿಯೇ ನೋಡೋಣ.

ಕೋಳಿಮೊಟ್ಟೆ ಗಾತ್ರದ ಎರಡು ಗಡ್ಡೆ ತಗೊಳ್ಳಿ, ಹೆಚ್ಚು ಕಮ್ಮಿ 100 ಗ್ರಾಂ. ಸಿಪ್ಪೆ ಸಮೇತ ಬೇಯಿಸಿದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಸುಮಾರು 87 ಕ್ಯಾಲೊರಿ, 20 ಗ್ರಾಂ ಕಾರ್ಬೋಹೈಡ್ರೇಟ್, 2 ಗ್ರಾಂ ಹತ್ತಿರ ಪ್ರೋಟೀನ್. ಕೊಬ್ಬು ಇಲ್ಲ ಅಂದರೂ ನಡೆಯುತ್ತದೆ. ಪೊಟ್ಯಾಸಿಯಂ ಸುಮಾರು 380 ಮಿಲಿಗ್ರಾಂ, ವಿಟಮಿನ್ ಸಿ 13 ಮಿಲಿಗ್ರಾಂ, ಜೊತೆಗೆ ಬಿ6. ಈಗ ಅಷ್ಟೇ ತೂಕದ ಅನ್ನ ನೋಡಿ. 130 ಕ್ಯಾಲೊರಿ, 28 ಗ್ರಾಂ ಕಾರ್ಬೋಹೈಡ್ರೇಟ್. ಪೊಟ್ಯಾಸಿಯಂ 35 ಮಿಲಿಗ್ರಾಂ ಆಸುಪಾಸು, ವಿಟಮಿನ್ ಸಿ ಸೊನ್ನೆ. ಪ್ರೋಟೀನ್ ಮಾತ್ರ ಅನ್ನದಲ್ಲಿ ತುಸು ಜಾಸ್ತಿ, 2.7 ಗ್ರಾಂ. ಅಂದರೆ ನಿಮ್ಮ ಅವ್ವ ಗಡ್ಡೆ ಎತ್ತಿಟ್ಟು ಅನ್ನ ಬಡಿಸಿಕೊಂಡಾಗ ಸಕ್ಕರೆಯಾಗುವ ಅಂಶ ಕಮ್ಮಿ ಆಗಲಿಲ್ಲ, ಜಾಸ್ತಿ ಆಯಿತು. 150 ಗ್ರಾಂ ಗಡ್ಡೆಯಲ್ಲಿ 30 ಗ್ರಾಂ ಕಾರ್ಬೋಹೈಡ್ರೇಟ್. ಅದರ ಬದಲು ಬಂದ 150 ಗ್ರಾಂ ಅನ್ನದಲ್ಲಿ 42. ನಿಮಗೆ ಬಂದ ಅನುಮಾನ ಸರಿಯಾಗಿಯೇ ಇದೆ.

ಮುದ್ದೆಯ ವಿಷಯ ಬೇರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಣ್ಣದಂಶ 350 ಮಿಲಿಗ್ರಾಂ ಹತ್ತಿರ ಇದೆ, ಆಲೂಗಡ್ಡೆಯಲ್ಲಿ ಹತ್ತರ ಆಸುಪಾಸು. ವಯಸ್ಸಾದ ಹೆಂಗಸಿಗೆ ಮೂಳೆ ಮುಖ್ಯ. ಹಾಗಾಗಿ ಮುದ್ದೆ ತೆಗೆದು ಆಲೂಗಡ್ಡೆ ತಿನ್ನಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ತೆಗೆಯಬೇಕಾದ್ದು ಅನ್ನ.

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಎಲ್ಲಿ ಅಂದರೆ, ಆಲೂಗಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ತರಕಾರಿ ಅಂಗಡಿಯಲ್ಲೇ ಸಿಗುತ್ತದೆ, ನಿಜ. ತಟ್ಟೆಯಲ್ಲಿ ಅದರ ಜಾಗ ಅನ್ನದ ಪಕ್ಕದಲ್ಲ, ಅನ್ನದ ಜಾಗವೇ ಅದರದು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅನ್ನುತ್ತದೆ. ಆ 400 ಗ್ರಾಂನಲ್ಲಿ ಆಲೂಗಡ್ಡೆ, ಗೆಣಸು, ಮರಗೆಣಸು ಸೇರುವುದಿಲ್ಲ. ನಮ್ಮಲ್ಲಿ ಅನ್ನ, ಅದಕ್ಕೆ ಆಲೂಗಡ್ಡೆ ಹುಳಿ, ನೆಂಚಿಕೊಳ್ಳಲು ಆಲೂಗಡ್ಡೆ ಪಲ್ಯ, ಮೇಲೆ ಒಂದು ಹಪ್ಪಳ. ಮನೆಯಾಕೆ ಪಲ್ಯ ಸಾರು ಎರಡೂ ಮಾಡಿದ್ದೇನೆ ಅಂದುಕೊಳ್ಳುತ್ತಾಳೆ, ಆದರೆ ತಟ್ಟೆಯಲ್ಲಿ ಸೊಪ್ಪು ಕಾಯಿ ಒಂದೂ ಇಲ್ಲ. ಶುಗರ್ ಇರುವ ಮನೆಯಲ್ಲಿ ಮೊದಲು ಸರಿ ಮಾಡಬೇಕಾದ್ದು ಇದನ್ನೇ.

ಬೇಲೂರು ರಸ್ತೆಯವರ ಮಾತಿಗೂ ಆಧಾರ ಇದೆ, ತಳ್ಳಿಹಾಕುತ್ತಿಲ್ಲ. ಆಲೂಗಡ್ಡೆಯ ಪಿಷ್ಟ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ. ಬಿಸಿಬಿಸಿಯಾಗಿ, ಚೆನ್ನಾಗಿ ಮಸೆದು ತಿಂದರೆ ಇನ್ನೂ ಬೇಗ. ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅಂತ ಹೇಳುವ ಗ್ಲೈಸೆಮಿಕ್ ಇಂಡೆಕ್ಸ್ ಅನ್ನುವ ಅಳತೆ ಇದೆಯಲ್ಲ, ಅದು ಆಲೂಗಡ್ಡೆಗೆ ತಳಿ ಮತ್ತು ಅಡುಗೆ ನೋಡಿಕೊಂಡು 50ರ ಮೇಲಿಂದ ಹಿಡಿದು 80 ದಾಟುವವರೆಗೂ ಇರುತ್ತದೆ. ಅಷ್ಟು ವ್ಯತ್ಯಾಸ ಇರುವುದರಿಂದಲೇ ಹೇಗೆ ಬೇಯಿಸುತ್ತೀರಿ, ಯಾವುದರ ಜೊತೆ ತಿನ್ನುತ್ತೀರಿ ಅನ್ನುವುದು ಮುಖ್ಯ. ಆದರೆ ನೆಲದೊಳಗೆ ಬೆಳೆಯುವುದು ಯಾವುದೂ ಬೇಡ ಅನ್ನುವ ಲೆಕ್ಕ ಸರಿಯಲ್ಲ. ಮೂಲಂಗಿಯೂ ನೆಲದೊಳಗೇ ಬೆಳೆಯುತ್ತದೆ, ಅದರಿಂದ ಶುಗರ್‌ಗೆ ತೊಂದರೆ ಇಲ್ಲ.

ಬೇಯಿಸಿದ ಗಡ್ಡೆ ಆರಿ ತಣ್ಣಗಾದರೆ ಪಿಷ್ಟದ ಒಂದು ಪಾಲು ಗಟ್ಟಿಯಾಗುತ್ತದೆ, ಅದು ಸುಲಭಕ್ಕೆ ಜೀರ್ಣವಾಗಿ ಸಕ್ಕರೆ ಆಗುವುದಿಲ್ಲ. ಮತ್ತೆ ಬೆಚ್ಚಗೆ ಮಾಡಿಕೊಂಡರೂ ಸ್ವಲ್ಪ ಹಾಗೇ ಉಳಿಯುತ್ತದೆ. ದೊಡ್ಡ ಪವಾಡ ಏನಲ್ಲ, ಆದರೆ ಬಿಟ್ಟಿಯಾಗಿ ಸಿಗುವ ಲಾಭ. ನಿಂಬೆಹುಳಿ, ಮೊಸರು, ಕಾಳು, ಸೊಪ್ಪು ಜೊತೆಗಿದ್ದರೆ ಸಕ್ಕರೆ ಏರುವ ವೇಗ ಇನ್ನಷ್ಟು ತಗ್ಗುತ್ತದೆ.

ನಿಮ್ಮ ಮನೆಯಲ್ಲಿರುವ ಸಣ್ಣ ಗಡ್ಡೆಗೆ ಹೇಳಿ ಮಾಡಿಸಿದಂಥದ್ದು ಮೆಂತ್ಯ ಸೊಪ್ಪಿನ ಪಲ್ಯ. ನಾನು ಮಾಡುವುದು ಹೀಗೆ. ಗಡ್ಡೆಯನ್ನು ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ನಾರಲ್ಲಿ ಉಜ್ಜುತ್ತೇನೆ. ಹೊಸ ಗಡ್ಡೆಯ ಸಿಪ್ಪೆ ಎಷ್ಟು ತೆಳು ಅಂದರೆ ಅರ್ಧ ಅಲ್ಲೇ ಎದ್ದು ಬರುತ್ತದೆ, ಕಣ್ಣಿನ ಕುಳಿಯಲ್ಲಿ ಕೂತ ಕೆಂಪು ಮಣ್ಣು ಮಾತ್ರ ಉಗುರಲ್ಲಿ ತೆಗೆಯಬೇಕು. ಇಡಿಯಾಗಿ ಬೇಯಿಸಿ, ಬಸಿದು, ಆರಲು ಬಿಡುತ್ತೇನೆ. ಆಮೇಲೆ ಎರಡು ಹೋಳು ಮಾಡಿ, ಒಂದು ಚಮಚ ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಗಡ್ಡೆ ಒಂದು ಬಟ್ಟಲಾದರೆ ಸೊಪ್ಪು ಹೆಚ್ಚಿದ್ದು ಎರಡು ಬಟ್ಟಲು. ಸೊಪ್ಪು ಬಾಡಿ ಕುಗ್ಗಿ ಗಡ್ಡೆಗೆ ಅಂಟಿಕೊಂಡ ಮೇಲೆ ಇಳಿಸಿ ನಿಂಬೆಹಣ್ಣು ಹಿಂಡುತ್ತೇನೆ. ಸಿಪ್ಪೆಯ ಜಾಗದಲ್ಲಿ ಸ್ವಲ್ಪ ಗರಿಗರಿ, ಒಳಗೆ ಬೆಣ್ಣೆ. ಒಂದು ಮುದ್ದೆ, ಹುರುಳಿಕಾಳು ಸಾರು, ಈ ಪಲ್ಯ. ಅನ್ನ ಕೇಳುವುದೇ ಇಲ್ಲ ನಮ್ಮ ಮನೆಯವರು.

ಸಿಪ್ಪೆ ಕೇಳಿದ್ದಿರಿ. ಸತ್ವವೆಲ್ಲ ಸಿಪ್ಪೆಯಲ್ಲೇ ಇದೆ ಅಂತ ಹೇಳುವುದು ಪೂರ್ತಿ ನಿಜವಲ್ಲ, ವಿಟಮಿನ್ ಸಿ, ಪೊಟ್ಯಾಸಿಯಂ ಜಾಸ್ತಿ ಇರುವುದು ಒಳಗಿನ ತಿರುಳಿನಲ್ಲೇ. ಬೇಯುವಾಗ ಅದು ನೀರಿಗೆ ಬಿಟ್ಟುಹೋಗದ ಹಾಗೆ ತಡೆಯುವುದು ಸಿಪ್ಪೆ. ಸಿಪ್ಪೆ ಸಮೇತ ಬೇಯಿಸಿದರೆ 13 ಮಿಲಿಗ್ರಾಂ ವಿಟಮಿನ್ ಸಿ ಉಳಿಯುತ್ತದೆ ಅಂದೆನಲ್ಲ, ಸಿಪ್ಪೆ ಹೆರೆದು ಬೇಯಿಸಿದರೆ ಉಳಿಯುವುದು 7ರ ಹತ್ತಿರ. ಹುಳಿಗೆ ಹಾಕಿದರೆ ಚಿಂತೆ ಇಲ್ಲ, ನೀರಿಗೆ ಬಿಟ್ಟ ಪೊಟ್ಯಾಸಿಯಂ ಹುಳಿಯಲ್ಲೇ ಇರುತ್ತದೆ, ಕುಡಿಯುತ್ತೀರಿ. ನಾರಿನಂಶ ಮಾತ್ರ ಸಿಪ್ಪೆ ತಿಂದರೇ ಪೂರ್ತಿ ಸಿಗುವುದು.

ಹೊಟ್ಟೆ ತುಂಬುವ ವಿಷಯಕ್ಕೆ ಒಂದು ಮಾತು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಬಗೆಯ ಆಹಾರ ಕೊಟ್ಟು, ಒಂದೇ ಅಳತೆಯ ಕ್ಯಾಲೊರಿಗೆ ಯಾವುದು ಹೆಚ್ಚು ಹೊತ್ತು ಹಸಿವು ತಡೆಯುತ್ತದೆ ಅಂತ ನೋಡಿದರು. ಬಿಳಿ ಬ್ರೆಡ್ಡಿಗೆ 100 ಅಂತ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಮೇಲೆ ಅದೇ ಇತ್ತು. ಗಡ್ಡೆ ಬಿಟ್ಟ ಮೇಲೆ ಹೊಟ್ಟೆ ತುಂಬಲ್ಲ ಅಂತ ನಿಮ್ಮ ಅವ್ವ ಹೇಳುವುದು ಸುಳ್ಳಲ್ಲ.

ಆಲೂಗಡ್ಡೆಗೆ ಕೆಟ್ಟ ಹೆಸರು ತಂದಿದ್ದು ಎಣ್ಣೆ. ಚಿಪ್ಸ್ ಮಾಡಿದಾಗ ನೀರೆಲ್ಲ ಹಾರಿಹೋಗಿ ಆ ಜಾಗಕ್ಕೆ ಎಣ್ಣೆ ಬರುತ್ತದೆ, ತೂಕದಲ್ಲಿ ಮೂರನೇ ಒಂದು ಪಾಲು ಎಣ್ಣೆಯೇ. 100 ಗ್ರಾಂಗೆ 500 ಕ್ಯಾಲೊರಿ ದಾಟುತ್ತದೆ, ಮೇಲೆ ಉಪ್ಪು ಬೇರೆ. ಬೇಯಿಸಿದ ಗಡ್ಡೆಯ 87 ಎಲ್ಲಿ, ಇದೆಲ್ಲಿ! ಬೋಂಡ ಹಬ್ಬಕ್ಕೆ, ನೆಂಟರು ಬಂದಾಗ ಇರಲಿ.

ಅವ್ವನಿಗೆ ಒಂದು ಹೊತ್ತಿಗೆ ಕೋಳಿಮೊಟ್ಟೆ ಗಾತ್ರದ ಎರಡು ಮೂರು ಗಡ್ಡೆ ಸಾಕು, 100ರಿಂದ 150 ಗ್ರಾಂ ಒಳಗೆ. ಆ ಹೊತ್ತು ಅನ್ನ ಬೇಡ. ದಿನಾ ತಿಂದರೂ ನನ್ನ ತಕರಾರಿಲ್ಲ, ಪಕ್ಕದಲ್ಲಿ ಸೊಪ್ಪೋ ಕಾಯಿಯೋ ಅದಕ್ಕಿಂತ ಜಾಸ್ತಿ ಇರಲೇಬೇಕು. ಅವರಿಗೆ ಹೇಳಿ, ಅವರು ಬೆಳೆದಿದ್ದು ಒಳ್ಳೆಯ ಆಹಾರ.

ಕಟ್ಟಾಯದ ರೈತ:

ಅಕ್ಕ ಹೇಳಿದ್ದು ಸರಿಯಾಗಿದೆ. ನಾನೂ ಆಲೂಗಡ್ಡೆ ಬೆಳೆಯುವವನು. ಮನೆಯಲ್ಲಿ ಉಳಿದ ಗಡ್ಡೆ ತಿನ್ನುವವರು ಗಮನಿಸಬೇಕಾದ್ದು ಕೆಲವು ಇದೆ.

ಹಸಿರು ಬಣ್ಣಕ್ಕೆ ತಿರುಗಿದ ಗಡ್ಡೆ ಬೇಡ. ಜೋರು ಮಳೆ ಬಂದು ಏರು ಹಾಕಿದ ಮಣ್ಣು ಕೊಚ್ಚಿಹೋದರೆ ಗಡ್ಡೆ ಹೊರಗೆ ಇಣುಕುತ್ತದೆ, ಬಿಸಿಲು ತಾಗಿದ ಕಡೆ ಹಸಿರಾಗುತ್ತದೆ. ಹಸಿರು ಸುಮ್ನೆ ಬಣ್ಣ, ಅದರಿಂದ ಏನೂ ಆಗುವುದಿಲ್ಲ. ಆದರೆ ಅದರ ಜೊತೆಗೇ ಸೊಲಾನಿನ್ ಅನ್ನುವ ನಂಜು ಸೇರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಒಂದು ಚೂರು ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆದು ಬಳಸಿ. ಪೂರ್ತಿ ಹಸಿರಿದ್ದರೆ ಅಥವಾ ಬಾಯಿಗಿಟ್ಟಾಗ ಕಹಿ ಬಂದರೆ ಬಿಸಾಕಿ. ದನಕ್ಕೂ ಹಾಕಬೇಡಿ. ಮೊಳಕೆ ಬಂದಿದ್ದರೆ ಮೊಳಕೆಯನ್ನು ಕಣ್ಣಿನ ಸಮೇತ ತೋಡಿ ತೆಗೆಯಿರಿ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆಯನ್ನು ಕೊಯ್ದು ಔಷಧಿಯಲ್ಲಿ ಅದ್ದಿ ನಾಟಿ ಮಾಡುತ್ತೇವೆ. ನಾಟಿ ಮುಗಿದು ಉಳಿದ ಹೋಳು ದುಡ್ಡು ಕೊಟ್ಟಿದ್ದಲ್ವಾ ಅಂತ ಕೆಲವರು ತೊಳೆದು ಸಾರಿಗೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ತಿನ್ನುವ ಗಡ್ಡೆ ಅಲ್ಲ, ಎಷ್ಟು ತೊಳೆದರೂ ಅಲ್ಲ.

ಇಡುವುದು ಹೇಗೆ ಅಂದರೆ, ಕತ್ತಲೆ, ಗಾಳಿ, ತಂಪು ಮೂರೂ ಬೇಕು. ನಮ್ಮ ಮುಂಗಾರು ಬೆಳೆ ಮಳೆಯಲ್ಲೇ ಕೀಳುವುದರಿಂದ ಹಸಿ ಜಾಸ್ತಿ, ಉತ್ತರದ ಚಳಿಗಾಲದ ಗಡ್ಡೆಯ ಹಾಗೆ ತಿಂಗಳುಗಟ್ಟಲೆ ತಡೆಯುವುದಿಲ್ಲ. ನೆರಳಲ್ಲಿ ಹರಡಿ ಒಣಗಿಸಿ, ಕೊಳೆತಿದ್ದು ದಿನಾ ಆರಿಸಿ. ಅಂಗಮಾರಿ ರೋಗ ಬಿದ್ದ ಹೊಲದ್ದಾದರೆ ಇನ್ನೂ ಹುಷಾರು, ಒಂದು ಕೊಳೆತರೆ ಸುತ್ತಲಿನದ್ದೂ ಹೋಗುತ್ತದೆ. ಈರುಳ್ಳಿ ಜೊತೆ ಇಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಂತೂ ಬೇಡವೇ ಬೇಡ.

ನಮ್ಮ ಕಡೆ ಜಾಸ್ತಿ ಬೆಳೆಯುವುದು ಕುಫ್ರಿ ಜ್ಯೋತಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಈಗ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ಹೋಗಿಬಿಟ್ಟರು. ವಿಶ್ವಸಂಸ್ಥೆಯವರು ಮೇ 30 ಅನ್ನು ಆಲೂಗಡ್ಡೆ ದಿನ ಅಂತ ಮಾಡಿದ್ದಾರೆ, ಸರಿಯಾಗಿ ನಮ್ಮ ನಾಟಿ ಹೊತ್ತು. ಬೆಳೆಯುವ ಊರಿನಲ್ಲೇ ತಿನ್ನಲು ಹೆದರಿದರೆ ಬೆಳೆಯುವವರು ಇನ್ನೆಷ್ಟು ದಿನ ಉಳಿದಾರು?

ಮಲ್ಲಂದೂರು ಮನೆ:

ನಾವು ಚಿಕ್ಕಮಗಳೂರಿನವರು. ಎರಡು ಪ್ರಶ್ನೆ ಇದೆ ಮೇಡಂ. ನಮ್ಮ ಅತ್ತೆ ಆಲೂಗಡ್ಡೆ ವಾಯು, ಮಂಡಿ ಹಿಡಿಯುತ್ತದೆ ಅಂತ ಮುಟ್ಟುವುದಿಲ್ಲ. ಇದು ನಿಜವಾ? ಇನ್ನೊಂದು, ನಮ್ಮ ಯಜಮಾನರಿಗೆ ಕಿಡ್ನಿ ತೊಂದರೆ ಇದೆ, ಡಾಕ್ಟರು ಪೊಟ್ಯಾಸಿಯಂ ಕಮ್ಮಿ ಮಾಡಿ ಅಂದಿದ್ದಾರೆ. ಅವರೂ ಸಿಪ್ಪೆ ಸಮೇತ ತಿನ್ನಬಹುದಾ?

ದುದ್ದದ ಮಗಳು:

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದು ತುರ್ತು. ಬೇಡ. ನಾನು ಮೇಲೆ ಪೊಟ್ಯಾಸಿಯಂ ಒಳ್ಳೆಯದು ಅಂತ ಬರೆದಿದ್ದು ಕಿಡ್ನಿ ಸರಿಯಿರುವವರಿಗೆ. ಅವರಿಗೆ ಬಿಪಿ ಹತೋಟಿಗೆ ಅದು ಬೇಕು, ದೊಡ್ಡವರಿಗೆ ದಿನಕ್ಕೆ 3,510 ಮಿಲಿಗ್ರಾಂ ಆದರೂ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಿಡ್ನಿ ಸೋತಿದ್ದರೆ ಅದೇ ಪೊಟ್ಯಾಸಿಯಂ ರಕ್ತದಲ್ಲಿ ನಿಂತು ಹೃದಯಕ್ಕೆ ತೊಂದರೆ ಕೊಡುತ್ತದೆ. ಅಂಥವರಿಗೆ ಆಲೂಗಡ್ಡೆಯ ಅಡುಗೆಯೇ ತಿರುಗುಮುರುಗು. ಸಿಪ್ಪೆ ತೆಗೆಯಬೇಕು, ಸಣ್ಣಗೆ ಹೆಚ್ಚಬೇಕು, ತುಂಬಾ ನೀರಲ್ಲಿ ಕುದಿಸಿ ಆ ನೀರು ಚೆಲ್ಲಬೇಕು. ಹಾಗೆ ಮಾಡಿದರೆ ಅರ್ಧದಷ್ಟು ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಸುಮ್ನೆ ನೀರಲ್ಲಿ ನೆನೆಸಿಟ್ಟರೆ ಸಾಲದು. ಅದನ್ನೂ ತಿನ್ನಬಹುದಾ, ಎಷ್ಟು ಅನ್ನುವುದನ್ನು ಅವರ ರಕ್ತದ ರಿಪೋರ್ಟ್ ನೋಡಿ ಅವರ ಡಾಕ್ಟರೇ ಹೇಳಬೇಕು, ಇಲ್ಲಿ ಓದಿ ಶುರು ಮಾಡಬೇಡಿ.

ಅತ್ತೆಯವರ ವಿಷಯ. ಕೆಲವರಿಗೆ ಹೊಟ್ಟೆ ಉಬ್ಬರಿಸುವುದು ನಿಜ. ತಣ್ಣಗಾದಾಗ ಗಟ್ಟಿಯಾಗುವ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ, ಅಲ್ಲಿ ಗ್ಯಾಸ್ ಆಗುತ್ತದೆ. ಆ ಹುಳಿಯುವಿಕೆ ಕರುಳಿಗೆ ಒಳ್ಳೆಯದೇ, ಆದರೆ ಅಭ್ಯಾಸ ಇಲ್ಲದವರಿಗೆ ಹಿಂಸೆ. ಸ್ವಲ್ಪ ಸ್ವಲ್ಪ ಶುರು ಮಾಡಿ, ಇಂಗು ಶುಂಠಿ ಹಾಕಿ. ಮಂಡಿ ನೋವಿಗೆ ಆಲೂಗಡ್ಡೆ ಕಾರಣ ಅನ್ನಲು ನನಗೆ ಆಧಾರ ಕಾಣುವುದಿಲ್ಲ. ಹಾಗಂತ ಅವರು ಬೇಡ ಅಂದರೆ ಬಲವಂತ ಯಾಕೆ, ತಿನ್ನಲೇಬೇಕಾದ ವಸ್ತುವೇನಲ್ಲ. ಸೊಪ್ಪು, ಕಾಳು, ರಾಗಿ ಇದ್ದರೆ ಅವರಿಗೆ ಯಾವ ಕೊರತೆಯೂ ಆಗುವುದಿಲ್ಲ.

ಬೇಲೂರು ರಸ್ತೆ:

ಮೇಡಂ, ಅನ್ನದ ಲೆಕ್ಕ ನೋಡಿ ಯೋಚನೆ ಬಂತು. ಮಾವನಿಗೆ ಗಡ್ಡೆ ಬಿಡಿಸಿದ್ದೇವೆ, ಅನ್ನ ಮಾತ್ರ ಅಳತೆ ಇಲ್ಲ. ಇವತ್ತೇ ಮನೆಯಲ್ಲಿ ಮಾತಾಡುತ್ತೇನೆ. ಅವರು ಶುಗರ್ ಮಾತ್ರೆ ತಗೊಳ್ಳುತ್ತಾರೆ, ಒಮ್ಮೆಗೇ ಅನ್ನ ಕಮ್ಮಿ ಮಾಡಬಹುದಾ?

ದುದ್ದದ ಮಗಳು:

ಮಾತ್ರೆ ತಗೊಳ್ಳುವವರಿಗೆ ಒಮ್ಮೆಗೇ ಬೇಡ. ಕೆಲವು ಮಾತ್ರೆಗಳಲ್ಲಿ ಊಟ ತಗ್ಗಿದರೆ ಶುಗರ್ ತೀರಾ ಇಳಿದುಬಿಡುತ್ತದೆ, ತಲೆ ಸುತ್ತು, ನಡುಕ ಬರುತ್ತದೆ. ಡಾಕ್ಟರಿಗೆ ಹೇಳಿ, ಮಾತ್ರೆಯ ಅಳತೆ ನೋಡಿಸಿಕೊಂಡು ಆಮೇಲೆ ಶುರು ಮಾಡಿ. ಶಾಂತಿಗ್ರಾಮದ ಅವ್ವನಿಗೆ ಮಾತ್ರೆ ಇಲ್ಲದ್ದರಿಂದ ಆ ಭಯ ಇಲ್ಲ.

ಶಾಂತಿಗ್ರಾಮದ ಹೊಲ:

ಅಕ್ಕ, ಅಣ್ಣ, ಎಲ್ಲರಿಗೂ ತುಂಬಾ ಧನ್ಯವಾದ. ಅವ್ವನಿಗೆ ಓದಿ ಹೇಳಿದೆ. ಮೆಂತ್ಯ ಸೊಪ್ಪಿಗೆ ಬದಲು ಹಿತ್ತಲಲ್ಲಿ ದಂಟಿನ ಸೊಪ್ಪು ಇದೆ, ಅದು ಆಗುತ್ತಾ ಅಂತ ಕೇಳುತ್ತಿದ್ದಾಳೆ. ಗಡ್ಡೆ ರಾಶಿಯಲ್ಲಿ ಹಸಿರಾಗಿದ್ದವು ಕೆಲವು ಸಿಕ್ಕವು, ಆರಿಸಿ ತೆಗೆದೆ. ಮನೆಯಲ್ಲಿ ಗ್ಲೂಕೋಮೀಟರ್ ಇದೆ. ಅವಳಿಗೆ ಗಡ್ಡೆ ಆಗುತ್ತದೋ ಇಲ್ಲವೋ ಅಂತ ನಾವೇ ನೋಡಿಕೊಳ್ಳಲು ಆಗುತ್ತಾ?

ದುದ್ದದ ಮಗಳು:

ದಂಟು ಧಾರಾಳವಾಗಿ ಆಗುತ್ತದೆ, ಎಳೆಯದಾದರೆ ಕಾಂಡವನ್ನೂ ಹೆಚ್ಚಿ ಹಾಕಿ.

ಗ್ಲೂಕೋಮೀಟರ್ ಇರುವುದು ಒಳ್ಳೆಯದೇ ಆಯಿತು. ಒಬ್ಬೊಬ್ಬರ ಮೈ ಒಂದೊಂದು ಥರ, ಪುಸ್ತಕದ ಅಂಕಿಗಿಂತ ಅವರದೇ ಅಂಕಿ ಮೇಲು. ಒಂದು ದಿನ ಮಧ್ಯಾಹ್ನ ಮುದ್ದೆ, ಅನ್ನ, ಸಾರು ಕೊಡಿ. ಇನ್ನೊಂದು ದಿನ ಅಷ್ಟೇ ದೊಡ್ಡ ಮುದ್ದೆ, ಅದೇ ಸಾರು, ಅನ್ನದ ಬದಲು ಸೊಪ್ಪು ಹಾಕಿದ ಗಡ್ಡೆ ಪಲ್ಯ. ಎರಡು ದಿನವೂ ಊಟಕ್ಕೆ ಕೂರುವ ಮುಂಚೆ ಒಂದು ಸಲ, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ನಡುವೆ ಕಾಫಿ ಟೀ ಬೇಡ. ಎರಡು ಗಂಟೆಯದ್ದು 140ರ ಒಳಗಿದ್ದರೆ ಒಳ್ಳೆಯದು. ಬೆರಳಿಗೆ ಸೋಪು ಹಾಕಿ ತೊಳೆದು ಒರೆಸಿಕೊಂಡೇ ಚುಚ್ಚಿ, ಬೆಲ್ಲವೋ ಹಣ್ಣೋ ಮುಟ್ಟಿದ ಕೈಯಾದರೆ ಅಂಕಿ ಸುಳ್ಳು ಬರುತ್ತದೆ. ಏನು ತಿಂದರು, ಎಷ್ಟು ಬಂತು ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ಮಾಡಿಸಲು ಹೋಗುವಾಗ ಆ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.